ಸತ್ತ ಮೀನಿಗೆ ಗಾಳ

"ಕೈಗೆ ಲಕ್ವ ಹೊಡೆದಿದೆಯೇನೇ ಮುಂಡೆ, ಬೇಗ ಬೇಗ ಚುಚ್ಚು," ಎಂದ ಮೇಸ್ತ್ರಿ.

ಹಲಗೆಯಕ್ಕ ಸತ್ತ ಟ್ಯೂನಾ ಮೀನಿನ ದವಡೆಗೆ ಗಾಳದ ಕೊಕ್ಕೆ ಚುಚ್ಚಿ ತೂತು ಮಾಡಿದಳು. ಇಪ್ಪತ್ತೆರಡು ವರ್ಷ ಮೀನು ಆರಿಸುವ ಹಲಗೆಯ ಮುಂದೆ ನಿಂತು ಸವೆದವಳು. ಹೆತ್ತವರಿಟ್ಟ ಹೆಸರು ಅವಳಿಗೇ ಮರೆತುಹೋಗಿತ್ತು. ಕಿವಿರು ಎತ್ತಿ, ಬಾಲದ ಬುಡ ಅಮುಕಿ, ಒಮ್ಮೆ ಮೂಸಿದರೆ ಸಾಕು, ಮೀನಿನ ಜಾತಕವನ್ನೆಲ್ಲ ಹೇಳುವಳು. ಇವತ್ತು ಅವಳಿಗೂ ಜೊತೆಯ ಆರು ಹೆಂಗಸರಿಗೂ ಬೇರೆಯೇ ಕೆಲಸ. ಮರಿಯನ್ನೂ ಬಿಡದೆ ಸಮುದ್ರವನ್ನೇ ಬಾಚಿ ತಂದ ದೊಡ್ಡ ಬಲೆಯ ಮೀನಿಗೆ ಗಾಳದ ಗಾಯ ಮಾಡಬೇಕು. ಆಮೇಲೆ 'ಗಾಳ ಹಾಕಿ ಒಂದೊಂದೇ ಹಿಡಿದದ್ದು' ಎಂಬ ಚೀಟಿಯ ಬಿಳಿ ಪೆಟ್ಟಿಗೆಗೆ ತುಂಬಬೇಕು. ಆ ಚೀಟಿ ಇದ್ದರೆ ಎರಡು ಪಟ್ಟು ಬೆಲೆಯಂತೆ. ತಿನ್ನುವವರಿಗೆ ಪಾಪ ತಟ್ಟುವುದಿಲ್ಲವಂತೆ.

ನಿಜವಾಗಿ ಗಾಳ ಹಾಕುವವನು ಅವಳ ತಮ್ಮ. ಬಿಸಿಲಲ್ಲಿ ಬೆನ್ನು ಸುಲಿಸಿಕೊಂಡು ದಿನಕ್ಕೆ ನಾಲ್ಕೋ ಐದೋ ಮೀನು ತಂದು ಇಲ್ಲೇ ಮಾರುತ್ತಿದ್ದ. ಇವತ್ತು ಮೀನು ಪರೀಕ್ಷಿಸುವ ಅಧಿಕಾರಿ ಇದು ಗಾಳದ್ದೇ ಎಂದು ಮೊಹರು ಒತ್ತಿಬಿಟ್ಟರೆ, ನಾಳೆಯಿಂದ ಗಾಳದವರು ಈ ಕಡೆ ತಲೆ ಹಾಕಿ ಮಲಗುವುದೂ ಬೇಡ ಎಂದು ಧಣಿ ಹೇಳಿಯಾಗಿತ್ತು. ತಮ್ಮನ ಅನ್ನಕ್ಕೆ ಅವಳು ತನ್ನ ಕೈಯಿಂದಲೇ ಮಣ್ಣು ಹಾಕುತ್ತಿದ್ದಳು.

ಅಧಿಕಾರಿ ಬಂದ. ಮೂಗಿಗೆ ಕರವಸ್ತ್ರ ಹಿಡಿದು, ಈ ಹೆಂಗಸರನ್ನು ಅತ್ತ ನಿಲ್ಲಿಸಿ, ನಾತ ಹೊಡೆಯುತ್ತದೆ ಎಂದ. ಧಣಿ ಹಲ್ಲು ಕಿರಿದ. ಅಧಿಕಾರಿ ಪೆನ್ನಿನ ತುದಿಯಿಂದ ನಾಲ್ಕು ಮೀನಿನ ಬಾಯಿ ತೆರೆದು ನೋಡಿ, ಮೊಹರು ಒತ್ತುವ ಕಾಗದಕ್ಕೆ ಕೈ ಚಾಚಿದ.

ಹಲಗೆಯಕ್ಕ ಮುಂದೆ ಬಂದಳು.

"ಸಾಯೇಬ್ರೇ, ಜೀವ ಇದ್ದಾಗ ಕೊಕ್ಕೆ ಕಚ್ಚಿದ್ರೆ ತೂತಿನ ಸುತ್ತ ರಕ್ತ ಕಪ್ಪಗೆ ಹೆಪ್ಪುಗಟ್ಟಿರತ್ತೆ. ಇದು ನೋಡಿ, ಬೆಳ್ಳಗಿದೆ. ಸತ್ತ ಮೇಲೆ ನಾವೇ ಚುಚ್ಚಿದ್ದು."

ಮೇಸ್ತ್ರಿಯ ಕೈ ಅವಳ ತುರುಬಿಗೆ ಹೋಯಿತು. ಅಧಿಕಾರಿ ತಡೆದ. ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ತೂತನ್ನು ಚೆನ್ನಾಗಿ ನೋಡಿದ. ಅವಳಿಗೆ ಹೋದ ಜೀವ ಬಂದಂತಾಯಿತು.

"ಹೆಂಗಸು ಸರಿಯಾಗೇ ಹೇಳ್ತಿದ್ದಾಳೆ," ಎಂದು ಅವನು ಧಣಿಯತ್ತ ತಿರುಗಿದ. "ಸ್ವಲ್ಪ ರಕ್ತ ಸವರಿಸಿಬಿಡಿ. ಮುಂದೆ ಯಾರಾದ್ರೂ ನೋಡಿದ್ರೆ ಕಷ್ಟ."

ಮೊಹರು ಒತ್ತಿ, ಕಾಗದವನ್ನು ಪೆಟ್ಟಿಗೆಯ ಮೇಲಿಟ್ಟು ಹೊರಟುಹೋದ.

ಧಣಿ ಅವಳನ್ನು ಬೈಯಲಿಲ್ಲ. ಭಾರೀ ಬುದ್ಧಿವಂತೆ, ಇವಳೇ ಶುರು ಮಾಡಲಿ ಎಂದು ನಕ್ಕ. ಮೇಸ್ತ್ರಿ ಮೀನು ಸೀಳುವ ತೊಟ್ಟಿಯಿಂದ ಒಂದು ಬಕೆಟ್ ರಕ್ತ ತುಂಬಿ ತಂದು ಅವಳ ಮುಂದೆ ಕುಕ್ಕಿದ. ಹೊರಗೆ ಲಾರಿಯವನು ಹಾರನ್ ಒತ್ತುತ್ತಿದ್ದ.

"ಎಷ್ಟು ಸವರ್ಬೇಕು ಧಣಿ?" ಎಂದು ಕೇಳಿದಳು.

"ಒಂದೊಂದು ಹನಿ ಸಾಕು ಕಣೇ."

ಹಲಗೆಯಕ್ಕ ಎರಡೂ ಕೈಯಲ್ಲಿ ಬಕೆಟ್ ಎತ್ತಿಕೊಂಡು ಹೋಗಿ ಬಿಳಿ ಪೆಟ್ಟಿಗೆಗಳ ಮೇಲೆ ಸುರಿದಳು. ಚೀಟಿಗಳ ಮೇಲೆ ಒಂದಕ್ಷರವೂ ಉಳಿಯಲಿಲ್ಲ. ಮೊಹರಿನ ಕಾಗದ ತೊಯ್ದು ನೆಲಕ್ಕೆ ಬಿತ್ತು. ಮೇಸ್ತ್ರಿ ಅವಳನ್ನು ಕೆಡವಿ ಒದೆಯತೊಡಗಿದ. ಆರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯವಳು ತೊಟ್ಟಿಯ ಹತ್ತಿರ ಹೋಗಿ ಇನ್ನೊಂದು ಬಕೆಟ್ ತುಂಬಿಸಿಕೊಂಡಳು.