ಅರ್ಧ ತೆರೆದ ಕಣ್ಣು

ಪರಮೇಶ ಕಮರಿಪೇಟೆಯಲ್ಲಿ ವಿದ್ಯಾವಂತನೆಂದು ಹೆಸರಾದವನು. ಖಾಸಗಿ ತರಬೇತಿ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ೨೦೦೮ರಲ್ಲಿ, ಮದುವೆಯಾದ ಹೊಸತರಲ್ಲಿ, ರವಿವಾರ ಮಧ್ಯಾಹ್ನ ಕೇಂದ್ರ ಖಾಲಿಯಿರುವಾಗ ಹೆಂಡತಿ ದ್ರಾಕ್ಷಾಯಿಣಿಯನ್ನು ಅಲ್ಲಿಗೆ ಕರೆದೊಯ್ದು ಇಂಟರ್ನೆಟ್ ತೋರಿಸುತ್ತಿದ್ದ. ಅವಳು ಸಿನಿಮಾ ಹಾಡು ಕೇಳಿಯಾಳೆಂದು ಅವನ ಎಣಿಕೆ. ಅವಳ ಕಣ್ಣು ನಿಂತದ್ದು ಬೇರೆ ಕಡೆ. ಯಾವುದೋ ದೂರದೇಶದವರು ಮಾಡಿ ಹಾಕಿದ್ದ, ಮಾತಿಲ್ಲದ ಪುಟ್ಟ ಚಿತ್ರಗಳವು. ಒಂದರಲ್ಲಿ ಉಪ್ಪಿನ ಹರಳುಗಳು ತಾವಾಗಿ ಸರಿದು ಹಕ್ಕಿಯಾಗುತ್ತಿದ್ದವು. ಇನ್ನೊಂದರಲ್ಲಿ ಮಣ್ಣಿನ ಮುದುಕಿಯೊಬ್ಬಳು ತನ್ನ ಮುಖವನ್ನು ಅಂಗೈಯಿಂದ ಅಳಿಸಿ, ಬೇರೊಂದನ್ನು ತಿದ್ದಿಕೊಳ್ಳುತ್ತಿದ್ದಳು.

"ಇದರಾಗ ಏನೈತಿ ನೋಡೂವಂಥಾದ್ದು? ಹುಚ್ಚರ ಆಟ," ಎಂದು ಪರಮೇಶ ನಕ್ಕ.

"ಹುಚ್ಚರ ಕೈಲೆ ಇಷ್ಟು ತಾಳ್ಮಿ ಆಗ್ತೈತೇನ್ರಿ? ಆ ಮುದಕಿ ಕುಂಡ್ರೂದು ನೋಡ್ರಿ, ಮೊಣಕಾಲಿಗೆ ಕೈ ಹಚ್ಚಿ. ಖರೇ ಮುದಕೀನ. ಹೆಂಗ ಮಾಡ್ಯಾರ, ಹೇಳ್ರಿ."

ಅವನು ವಿವರಿಸಿದ. ಗೊಂಬೆಯನ್ನು ಕೂದಲೆಳೆಯಷ್ಟು ಬದಲಿಸಿ ಒಂದು ಫೋಟೊ, ಮತ್ತೆ ಬದಲಿಸಿ ಇನ್ನೊಂದು. ಎಲ್ಲವನ್ನೂ ಪೋಣಿಸಿ ಓಡಿಸಿದರೆ ಗೊಂಬೆ ಚಲಿಸುತ್ತದೆ. ದ್ರಾಕ್ಷಾಯಿಣಿ ಧಾರವಾಡದ ಬಳಿಯ ಮುಗದ ಊರಿನವಳು. ಆಷಾಢದ ಮಂಗಳವಾರಗಳಲ್ಲಿ ಕೆರೆಮಣ್ಣು ತಂದು ಗುಳ್ಳವ್ವನನ್ನು ಮಾಡಿ ಪೂಜಿಸುತ್ತ ಬೆಳೆದ ಕೈ ಅವಳದು. ತಾನೂ ಒಂದು ಚಿತ್ರ ಮಾಡುವೆನೆಂದಳು.

ಪರಮೇಶನ ಅಣ್ಣನ ಹೆಂಡತಿ ಸೌಮ್ಯಾ ಆಗ ಬಸುರಿ. ಮದುವೆಯಾಗಿ ಬಹುಕಾಲದ ಮೇಲೆ ನಿಂತ ಗರ್ಭ. ಏಳನೆಯ ತಿಂಗಳಲ್ಲಿ ಬಸುರಿಗೆ ಮಾಡುವ ಕುಬಸದ ದಿನ ನೆಗೆಣ್ಣಿಗೆ ತೋರಿಸಲು ದ್ರಾಕ್ಷಾಯಿಣಿ ಮಲಗಿದ ಕೂಸೊಂದು ಕಣ್ಣು ತೆರೆಯುವ ಚಿತ್ರವನ್ನು ಆರಿಸಿಕೊಂಡಳು. ರೆಪ್ಪೆ ಏರುವ ಪ್ರತಿ ಹಂತಕ್ಕೂ ಒಂದೊಂದು ತಲೆ. ಅಲುಗದೆ ಒಂದೇ ಕಡೆ ಕೂರಲೆಂದು ಪ್ರತಿ ಕುತ್ತಿಗೆಯಲ್ಲೂ ಒಂದು ತಂತಿ. ಮಣ್ಣು ಬಿರಿಯದಿರಲೆಂದು ಹಳೆಯ ಸೀರೆಯ ತುಂಡುಗಳನ್ನು ನೆನೆಸಿ ಸುತ್ತಿ, ತಗಡಿನ ಡಬ್ಬಿಯಲ್ಲಿ ಅಟ್ಟದ ಮೇಲಿಡುತ್ತಿದ್ದಳು. ಆ ಸೀರೆ ಸೌಮ್ಯಾಳದೇ ಆಗಿತ್ತು. ಕ್ಯಾಮೆರಾ ತಂದವನು, ಫೋಟೊ ಪೋಣಿಸಿದವನು ಪರಮೇಶ.

"ಕುಬಸದ ತನಕಾ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ," ಎಂದು ಅವಳು ಆಣೆ ಹಾಕಿಸಿಕೊಂಡಳು. ಸಂತೋಷವನ್ನು ಬಚ್ಚಿಟ್ಟು ಕೊಡಬೇಕೆಂಬ ಆಸೆ. ಅವಳು ಮಾಡಿದ ತಪ್ಪು ಅದೊಂದೇ.

ಕುಬಸಕ್ಕೆ ಇನ್ನೂ ಕೆಲವು ದಿನಗಳಿರುವಾಗ ಸೌಮ್ಯಾಳಿಗೆ ನೋವು ಕಾಣಿಸಿಕೊಂಡಿತು. ಕೂಸು ಉಳಿಯಲಿಲ್ಲ. ದವಾಖಾನೆಯಿಂದ ಬಂದವಳಿಗೆ ಹಳೆಯ ಬಟ್ಟೆ ಬೇಕೆಂದು ಅತ್ತೆ ಬಾಳವ್ವ ಅಟ್ಟ ಹುಡುಕಿದಳು. ಡಬ್ಬಿ ಸಿಕ್ಕಿತು.

ಅವಳ ಕೂಗಿಗೆ ಪಕ್ಕದ ಮನೆಯ ಗಿರಿಯಪ್ಪ ಬಂದ. ಓಣಿಯ ಹಿರಿಯ; ಕಾಣದ ಕೇಡನ್ನು ಹೆಸರಿಟ್ಟು ಹೇಳುವುದರಲ್ಲಿ ಪ್ರವೀಣ. ತಲೆಗಳನ್ನು ಸಾಲಾಗಿ ಹಾಸಿ ನೋಡಿದ.

"ಕೂಸಿನ ತಲಿ. ಕುತ್ತಿಗ್ಯಾಗ ತಂತಿ. ಸುತ್ತಿದ್ದು ಬಸರ ಹೆಂಗಸಿನ ಸೀರಿ. ಮಾಟಕ್ಕ ಇನ್ನೇನ ಬೇಕ, ಬಾಳವ್ವಾ?"

"ಮಾಟಲ್ರಿ ಮಾವಾರ! ಕಂಪ್ಯೂಟರಿನ್ಯಾಗ ಪಿಕ್ಚರ್ ಮಾಡಾಕತ್ತಿದ್ನಿ, ಅಕ್ಕಾಗ ತೋರಸಾಕ. ಇವರನ್ನ ಕೇಳ್ರಿ ಬೇಕಾರ," ಎಂದಳು ದ್ರಾಕ್ಷಾಯಿಣಿ.

"ಏನೋ ಪರಮ್ಯಾ, ನಿನ್ನ ಹೇಂತಿ ಡೈರೆಕ್ಟರ್ ಆಗ್ಯಾಳಂತ. ನಮಗೂ ಒಂದ ಶೋ ತೋರಸಪಾ. ಟಿಕೇಟ್ ತಗೋತೇವಿ," ಎಂದು ಗಿರಿಯಪ್ಪ ಪರಮೇಶನತ್ತ ತಿರುಗಿದ.

ಕೇಂದ್ರಕ್ಕೆ ಹೋದರು. ದ್ರಾಕ್ಷಾಯಿಣಿ ಎಲ್ಲರಿಗಿಂತ ಮುಂದೆ ಬಿರುಸಾಗಿ ನಡೆದಳು. ನೋಡಿದರೆ ತಿಳಿದೀತು ಎಂದೇ ಅವಳ ನಂಬಿಕೆ. ಪರದೆಯ ಮೇಲೆ ಮಣ್ಣಿನ ಕೂಸು ಮಲಗಿತ್ತು. ಹುಬ್ಬು ಅಲುಗಿತು. ತುಟಿ ತುಸು ಬಿಚ್ಚಿತು. ರೆಪ್ಪೆ ಮೆಲ್ಲಗೆ ಮೇಲೇರಿ ಕರಿಗುಡ್ಡೆಯ ಅಂಚು ಕಂಡಿತು. ಅಲ್ಲಿಗೆ ಚಿತ್ರ ನಿಂತಿತು. ಪರದೆ ಕಪ್ಪಾಯಿತು.

"ಮುಂದ?" ಎಂದಳು ಬಾಳವ್ವ.

"ಮುಂದ ಇಲ್ರಿ ಅತ್ತಿ. ಅಕ್ಕಾನ್ನ ದವಾಖಾನಿಗೆ ಒಯ್ದ ದಿನಾ ನಾ ಕೈಬಿಟ್ನಿ."

ಗಿರಿಯಪ್ಪ ಕುರ್ಚಿಯಿಂದೆದ್ದ. "ಕೂಸು ಹೋತಂತ ಇದನ್ನ ನಿಲ್ಲಿಸಿದಿಯೋ, ಇದನ್ನ ನಿಲ್ಲಿಸಿದ್ದಕ್ಕ ಕೂಸು ಹೋತೋ? ಮಣ್ಣಿಗೆ ಜೀವಾ ತುಂಬಿ ಅರ್ಧಕ್ಕ ತಗದಾಕಿ ನೀ!"

ದ್ರಾಕ್ಷಾಯಿಣಿ ಗಂಡನ ತೋಳು ಹಿಡಿದಳು. "ಮಾಡಿ ತೋರಸ್ರಿ ಇವರಿಗೆ. ಆ ಪೆನ್ನ ಅಷ್ಟಷ್ಟ ಸರಿಸಿ ಫೋಟೊ ತಗೀರಿ. ಪೆನ್ನೂ ನಡೀತೈತಿ. ಅದಕ್ಕ ಯಾರ ಮಾಟಾ ಮಾಡ್ಯಾರಂತ ಕೇಳೋಣು."

ಕ್ಯಾಮೆರಾ ಮೇಜಿನ ಮೇಲೆಯೇ ಇತ್ತು. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಆಗಬಹುದಾದ ಕೆಲಸ. ಪರಮೇಶ ಅವ್ವನ ಮುಖ ನೋಡಿದ, ಗಿರಿಯಪ್ಪನ ಮುಖ ನೋಡಿದ; ಹೆಂಡತಿಯ ಮುಖ ನೋಡಲಿಲ್ಲ. "ಇವನ್ನೆಲ್ಲಾ ಬ್ಯಾಡಂತ ನಾ ಮೊದಲ ಹೇಳಿದ್ದೆ," ಎಂದ.

ಬಾಳವ್ವನನ್ನು ನಾವು ಕ್ಷಮಿಸೋಣ. ದುಃಖ ಅವಳ ಕಣ್ಣು ಮುಚ್ಚಿತ್ತು. ಗಿರಿಯಪ್ಪನಿಗೂ ಅಜ್ಞಾನದ ನೆಪವೊಂದಿದೆ. ಆದರೆ ಬಲ್ಲವನೊಬ್ಬ, ತನ್ನ ಕೈಯಿಂದಲೇ ಆ ಫೋಟೊಗಳನ್ನು ಪೋಣಿಸಿದವನು, ಮನೆಯ ಶಾಂತಿಗಾಗಿ ಒಬ್ಬಳನ್ನು ಬಲಿಕೊಟ್ಟರೆ ಅವನಿಗೆ ಯಾವ ನೆಪ? ಯಾರಿಗಾಗಿ ಶಾಲೆಗಳನ್ನು ಕಟ್ಟಿದೆವು ನಾವು? ಅಂಥವನ ಮುಂದೆ ದಿನವೂ ಇಪ್ಪತ್ತು ಮಕ್ಕಳು ಕಲಿಯಲು ಕೂಡುತ್ತಿದ್ದರು, ಈಗಲೂ ಕೂಡುತ್ತಾರೆ.

ತಲೆಗಳನ್ನು ಅವಳ ಕೈಯಿಂದಲೇ ಕರಗಿಸಬೇಕೆಂದು ತೀರ್ಮಾನವಾಯಿತು. ಹಿತ್ತಲಲ್ಲಿ ಬಕೆಟ್ ಇಟ್ಟರು. ಸುಡದ ಮಣ್ಣು, ಮೊದಲು ಮೂಗು ಹೋಯಿತು, ಆಮೇಲೆ ತುಟಿ. ಕೊನೆಗೆ ತಳದಲ್ಲಿ ತಂತಿಗಳಷ್ಟೇ ಉಳಿದವು. ಪರಮೇಶ ಕೇಂದ್ರದಲ್ಲಿದ್ದ ಚಿತ್ರವನ್ನು ಅಳಿಸಿ ಬಂದು ಅದನ್ನು ಅವ್ವನಿಗೆ ತಿಳಿಸಿದ.

"ಎಲ್ಲಾ ತಣ್ಣಗಾಗೂಮಟಾ ಮುಗದಕ್ಕ ಹೋಗಿರು. ಬಂದು ಕರಕೊಂಡು ಬರತೇನಿ," ಎಂದ ಹೆಂಡತಿಗೆ. ಅವನು ಎಂದೂ ಹೋಗಲಿಲ್ಲ.

ಹೊರಟ ದಿನ ಅವಳು ಚೀಲ ಹಿಡಿದು ಪಡಸಾಲೆ ದಾಟುವಾಗ ಒಳಕೋಣೆಯಿಂದ ಸೌಮ್ಯಾ ಕರೆದಳು. ಆ ಮನೆಯಲ್ಲಿ ದ್ರಾಕ್ಷಾಯಿಣಿಯನ್ನು ಅಂದು ಹೆಸರು ಹಿಡಿದು ಕರೆದವಳು ಅವಳೊಬ್ಬಳೇ. ಹಾಸಿಗೆಯ ಮೇಲೆ ಗೋಡೆಯತ್ತ ಹೊರಳಿ ಮಲಗಿದ್ದಳು.

"ದ್ರಾಕ್ಷಾಯಿಣಿ, ಅದು ಪೂರಾ ಕಣ್ಣ ತೆರೀತಿತ್ತೇನ?"

"ತೆರೀತಿತ್ತಕ್ಕಾ. ಆ ತಲೀನೂ ಮಾಡಿಟ್ಟಿದ್ನಿ."

"ನನಗೊಮ್ಮಿ ತೋರಸು. ಆಮ್ಯಾಲ ಹೋಗಂತಿ."

ದ್ರಾಕ್ಷಾಯಿಣಿ ತನ್ನ ಖಾಲಿ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಪಡಸಾಲೆಯಲ್ಲಿ ಪರಮೇಶ, ಧಾರವಾಡದ ಬಸ್ಸಿಗೆ ಹೊತ್ತಾಯಿತೆಂದು ಕೂಗಿದ.