ಕಲ್ಲೇಶಪ್ಪ ಮೇಷ್ಟ್ರ ತಿದ್ದುಪಡಿ

ಹಳೆಯ ಶಿಷ್ಯರು ಕಂಡರೆ ನ್ಯಾಮತಿಯ ಕಲ್ಲೇಶಪ್ಪ ಮೇಷ್ಟ್ರು ಕ್ಷೇಮಸಮಾಚಾರ ಕೇಳುವುದಿಲ್ಲ. ತಾವು ಕಲಿಸಿದ್ದು ತಪ್ಪಾಯಿತೆಂದೇ ಮಾತು ಶುರುಮಾಡುತ್ತಾರೆ. ಬಿರುಬಿಸಿಲಿನಲ್ಲೂ ಕಳಚದ ಕಂದು ಕೋಟು, ತುಸು ಎಡಕ್ಕೆ ವಾಲುವ ನಡಿಗೆ, ಮಾತಿನ ನಡುನಡುವೆ ‘ಅಂದ್ರೆ ಏನಾತು?’ ಎಂಬ ಪ್ರಶ್ನೆ, ಅದಕ್ಕೆ ತಮ್ಮದೇ ಉತ್ತರ.

ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಹೇಳಿಕೊಟ್ಟವರು ಅವರು. ಜೀವಲೋಕವೆಂದರೆ ಐದು ಸಾಮ್ರಾಜ್ಯಗಳೆಂದು ಬಾಯಿಪಾಠ ಮಾಡಿಸಿದ್ದರು. ನಿವೃತ್ತಿಯ ನಂತರ ಬಿಡುವಾಗಿ ಓದುತ್ತ ಹೋದಾಗ, ವಿಜ್ಞಾನಿಗಳು ಆ ಸಾಮ್ರಾಜ್ಯಗಳಿಗೂ ಮೇಲೆ ಮೂರು ಮಹಾವಂಶಗಳನ್ನು ಗುರುತಿಸಿದ್ದಾರೆಂದು ತಿಳಿಯಿತು: ಬ್ಯಾಕ್ಟೀರಿಯಾ, ಆರ್ಕಿಯಾ, ಮತ್ತು ಕೋಶದೊಳಗೆ ಕೇಂದ್ರವುಳ್ಳ ಮರ, ಅಣಬೆ, ಮನುಷ್ಯರೆಲ್ಲ ಸೇರಿದ ಯೂಕ್ಯಾರಿಯಾ. ಮೇಷ್ಟ್ರ ನೆಮ್ಮದಿ ಕೆಟ್ಟಿತು.

“ಈ ಆರ್ಕಿಯಾ ನೋಡಾಕೆ ಬ್ಯಾಕ್ಟೀರಿಯಾದಂಗೇ ಐತಪ್ಪ, ಒಳಗಿನ ವಂಶನೇ ಬ್ಯಾರೆ. ಗೋಬರ್ ಗ್ಯಾಸ್ ಗುಂಡಿಯಾಗೆ ಗ್ಯಾಸ್ ಮಾಡೋದು ಇದೇ. ಅಂದ್ರೆ ಏನಾತು? ಇಷ್ಟು ವರ್ಷ ಇದನ್ನ ಬ್ಯಾರೆಯವ್ರ ಮನಿಯಾಗೆ ಕೂರಿಸಿಬಿಟ್ಟಿದ್ದೆ,” ಎಂದು ನನ್ನ ಅಂಗಡಿಯ ಮುಂದೆ ನಿಂತು ಪೇಚಾಡಿದರು.

ಬಸ್ಸು ಹತ್ತಿ ಜಗಳೂರಿಗೂ ಹೋದರು. ಅಲ್ಲಿ ಲಾರಿಗೆ ಈರುಳ್ಳಿ ಹೇರಿಸುತ್ತಿದ್ದ ನನ್ನ ಸಹಪಾಠಿ ಗಾದ್ರಪ್ಪ, “ಸಾರ್, ಆ ಐದನ್ನೂ ನಾನು ಎಂದೋ ಮರ್ತೀನಿ” ಎಂದನಂತೆ. “ಹಂಗಾದ್ರೆ ಸಲೀಸಾತು, ಅಳಿಸೋ ಕೆಲಸ ಇಲ್ಲ,” ಎಂದು ಮೇಷ್ಟ್ರು ಅಲ್ಲೇ ಪಾಠ ಮುಗಿಸಿದರು.

ಹೋದ ವರ್ಷ ನಾವೆಲ್ಲ ಸೇರಿ ಅವರಿಗೊಂದು ಸನ್ಮಾನ ಇಟ್ಟುಕೊಂಡೆವು. ಹಾರ ಹಾಕಿಸಿಕೊಂಡ ಮೇಷ್ಟ್ರು ಮೈಕು ಹಿಡಿದು ಮೂರು ವಂಶಗಳ ವಿಷಯವನ್ನೇ ಎತ್ತಿಕೊಂಡರು. ಸಭೆ ಚಪ್ಪಾಳೆ ತಟ್ಟಿತು. ಆಗ ಚನ್ನಗಿರಿಯಲ್ಲಿ ಜೀವಶಾಸ್ತ್ರ ಕಲಿಸುವ ದುರ್ಗಾಂಬಿಕಾ, ಅವರ ಅಚ್ಚುಮೆಚ್ಚಿನ ಶಿಷ್ಯೆ, ಅಳುಕುತ್ತ ಎದ್ದು ನಿಂತಳು.

“ಸಾರ್, ಈಗ ಅದಕ್ಕೂ ತಕರಾರು ಐತಿ. ನಮ್ಮ ವಂಶ ಆರ್ಕಿಯಾದಾಗಿಂದಾನೇ ಒಡೆದ ಕೊಂಬೆ ಅಂತಾರೆ ಭಾಳ ಜನ. ಹಂಗಾದ್ರೆ ಮಹಾವಂಶ ಎರಡೇ.”

ಮೇಷ್ಟ್ರ ಮುಖ ಕೆಂಪಾಗಿ, ಮೈಕು ಹಿಡಿದ ಕೈ ನಿಧಾನವಾಗಿ ಕೆಳಗಿಳಿಯಿತು. ಅವರಿಗಾಗಿಯೇ ಮಾಡಿದ ಸಮಾರಂಭದಲ್ಲಿ ಅವರಿಗೇ ಅವಮಾನವಾಯಿತಲ್ಲ ಎಂದುಕೊಂಡೆ.

“ಗೊತ್ತಿದ್ದೂ ಇಷ್ಟು ದಿನ ಯಾಕ್ ಹೇಳಲಿಲ್ಲಮ್ಮ?”

“ನಿಮಗೆ ಬೇಜಾರಾಗ್ತೈತೆ ಅಂತ, ಸಾರ್.”

“ಬೇಜಾರೇನೋ ಆತು,” ಎಂದವರೇ ವೇದಿಕೆಯಿಂದ ಇಳಿದು, ಮೈಕನ್ನು ಅವಳ ಕೈಗಿಟ್ಟು, ಹಾರ ಹಾಕಿಕೊಂಡೇ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತರು. “ಈಗ ಹೆಂಗೆ ಅಂತ ಹೇಳು.”

ಅವಳು ಹೇಳಿದಳು. ಅವರು ಅಡ್ಡಪ್ರಶ್ನೆ ಹಾಕಿದರು. ಊಟದ ಎಲೆ ಹಾಕಿ ಎಷ್ಟೋ ಹೊತ್ತಾದರೂ ಇಬ್ಬರೂ ಏಳಲಿಲ್ಲ. ಮೇಷ್ಟ್ರ ಮುಖ ಅಷ್ಟು ಅರಳಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಊರೂರಿನಲ್ಲೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರು ಕಲಿಸಿದ ಪಾಠ ಕಾಲಕಾಲಕ್ಕೆ ಬದಲಾಗಿ ಹೋಗುತ್ತದೆ. ಆದರೆ ಅವರ ಕೈಕೆಳಗೆ ಪಳಗಿದವರಿಗೆ, ತುಂಬಿದ ಸಭೆಯಲ್ಲೂ ‘ನನಗೆ ಗೊತ್ತಿಲ್ಲ, ಹೇಳಿಕೊಡಿ’ ಎನ್ನಲು ನಾಲಿಗೆ ತಡವರಿಸುವುದಿಲ್ಲ.