ನಾತದ ಚಿಪ್ಪು

ಅಪ್ಪನ ಹೆಣಕ್ಕೆ ಎರೆಯಲು ನೀರು ಕಾಯಿಸುತ್ತಿದ್ದ ಪಂಚಶೀಲಾ ಕಟ್ಟಿಗೆಯನ್ನು ಒಲೆಗೆ ತುರುಕಿ ಎದ್ದು ನಿಂತಳು. ಶಾಲಾ ಸಮಿತಿಯ ಅಧ್ಯಕ್ಷ ಮಲ್ಲಿನಾಥಗೌಡ ಹಾರ ಹಿಡಿದು ಬರುತ್ತಿದ್ದ. ಹಿಂದೆ ಮೊಬೈಲ್ ಹಿಡಿದ ಅವನ ಡ್ರೈವರ್ ನಿಂಗರಾಜ. ಎಲೆಕ್ಷನ್ ಇಲ್ಲದಾಗ ಗೌಡ ಈ ಓಣಿಗೆ ಕಾಲಿಟ್ಟವನಲ್ಲ.

"ಇವಂಗ್ಯಾರು ಹೇಳಿದ್ರವ್ವಾ?"

"ಹಡಗಿನ ಸಾಹೇಬ್ರು ಇವರ ಬಗ್ಗೆ ಬರದದ್ದು ಪೇಪರಿನಾಗ ಬಂದದಲ್ಲ," ಗಂಡನ ತಲೆಯ ಬಳಿ ಕೂತಿದ್ದ ಮರಿಲಿಂಗಮ್ಮ ಅಂದಳು. "ಮಣ್ಣಾಗೂತನಕ ಜಗಳ ಬ್ಯಾಡ."

ಪಂಚಶೀಲಾಳ ಅಪ್ಪ ಚಂದ್ರಾಮಪ್ಪ ಸಂಶೋಧನೆಯ ಹಡಗಿನಲ್ಲಿ ಕೆಸರು ತೊಳೆಯುವ ಆಳಾಗಿದ್ದ. ಕೃಷ್ಣಾ ಹೊಳೆ ಸಮುದ್ರಕ್ಕೆ ಬಿದ್ದಲ್ಲಿಂದಾಚೆ, ಬಿಸಿಲು ಮುಟ್ಟದ ತಳದಲ್ಲಿ ಗ್ಯಾಸ್ ಒಸರುವ ಜಾಗಗಳಿವೆ. ಅಲ್ಲಿಂದ ಎತ್ತಿದ ಕಪ್ಪು ಕೆಸರು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಅದನ್ನು ಜರಡಿ ಹಿಡಿದು ಹುಳ, ಚಿಪ್ಪು ಆರಿಸುತ್ತ ಅವನ ಆಯುಷ್ಯ ಕಳೆದಿತ್ತು.

ಗೌಡ ಹಾರ ಹಾಕಿದ. "ಚಂದ್ರಾಮಪ್ಪನವರು ನಮ್ಮೂರ ಹೆಮ್ಮೆ," ಎಂದು ಮೊಬೈಲಿಗೆ ಹೇಳಿ, "ಚಂದ್ರಾಮ್ಯಾನ ಮಾರಿ ಬಂತೇನು?" ಎಂದು ನಿಂಗರಾಜನನ್ನು ಕೇಳಿದ.

"ಬಂದದ್ರಿ. ನಿಮ್ಮ ಮೂಗಿನ ಮ್ಯಾಲ ಕರ್ಚೀಫ್ ಬಂದದ."

ಗೌಡ ಕರ್ಚೀಫು ಇಳಿಸಿ, ಉಸಿರು ಬಿಗಿಹಿಡಿದು ಇನ್ನೊಮ್ಮೆ ಹೆಮ್ಮೆಪಟ್ಟ. ಥೂ, ಸತ್ತವನ ಮುಂದೆಯೂ ಇದೇ ಆಟ. ಆಮೇಲೆ, "ಆ ಚಿಪ್ಪಿನ ಬಾಟ್ಲಿ ಇತ್ತಲ್ಲ, ಶಾಲಿಗೆ ಕೊಡು. ಅವನ ಹೆಸರು ಬರಸಿ ಇಡ್ತೀವಿ," ಎಂದು ಮರಿಲಿಂಗಮ್ಮನಿಗೆ ಹೇಳಿದ.

ಪಂಚಶೀಲಾ ಇನ್ನೊಂದು ಕಟ್ಟಿಗೆಯನ್ನು ಒಲೆಗೆ ದಬ್ಬಿದಳು.

*

ಅವಳು ಆರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಹಡಗಿನ ಸಾಹೇಬರು ಕೊಟ್ಟ ಆ ಬಾಟಲಿಯನ್ನು ಶಾಲೆಗೆ ತಂದಿದ್ದ.

"ಈ ಚಿಪ್ಪಿನ ಮೈಯಾಗ ಕಣ್ಣಿಗೆ ಕಾಣದ ಜೀವ ಇರ್ತಾವ. ನಾತದ ಗಾಳಿಯಿಂದ ಅವು ಇದಕ್ಕ ಅಡಗಿ ಮಾಡಿ ಹಾಕ್ತಾವ. ಬಿಸಿಲೇ ಬ್ಯಾಡ ಇದಕ್ಕ."

ಮಕ್ಕಳು ಬಾಯಿ ತೆರೆದು ನೋಡುತ್ತಿದ್ದವು. ಗೌಡ ಆಗಲೂ ಅಧ್ಯಕ್ಷನೇ. ಬಾಗಿಲಲ್ಲೇ ನಿಂತು, "ಹೊಲಸು ತೊಳ್ಯಾವ ಹೊಲಸೇ ತಂದಾನ. ಟೇಬಲ್ಲಿಗೆ ಫಿನಾಯಿಲ್ ಹಾಕ್ರಿ," ಅಂದ. ಬಕೆಟ್ಟು ತರಲು ಪಂಚಶೀಲಾಳನ್ನೇ ಕಳಿಸಿದರು. ಮಗಳ ಕೈಯಿಂದ ಅರಿವೆ ಕಸಿದುಕೊಂಡು ಅಪ್ಪನೇ ಟೇಬಲ್ಲು ಒರೆಸಿದ. ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

*

"ಕೊಟ್ಟಬಿಡು ವೈನಿ," ಮರಿಲಿಂಗಮ್ಮನ ಮೈದುನ ಶ್ರೀಮಂತ ಪಿಸುಗುಟ್ಟಿದ. "ಗೌಡ್ರು ತಾವಾಗೇ ಕೇಳಾಕತ್ತಾರ. ಅಣ್ಣನ ಹೆಸರು ಉಳೀತದ."

ಹೆಸರು ಉಳಿಯುವುದು ಮರಿಲಿಂಗಮ್ಮನಿಗೂ ಬೇಕಿತ್ತು. ಅವಳು ಬಾಟಲಿ ತರಿಸಿ ತೊಡೆಯ ಮೇಲಿಟ್ಟುಕೊಂಡಳು. ನೆರೆಮನೆಯ ರತ್ನಾಬಾಯಿ ಬಂದವರಿಗೆಲ್ಲ ಚಹಾ ಕೊಡುತ್ತಿದ್ದಳು.

"ಚಾ ಕುಡೀರಿ ಗೌಡ್ರ. ಆಮ್ಯಾಲ ಒಯ್ರಿ," ಎಂದಳು ಮರಿಲಿಂಗಮ್ಮ.

"ಶುಗರ್ ಅದ ನನಗ."

"ಸಕ್ಕರಿ ಹಾಕದ್ದೂ ಅದರಿ."

ಗೌಡ ಕಪ್ಪಿನ ಕಡೆ ನೋಡಿದ. "ಇವತ್ತ ಉಪವಾಸ."

ಮರಿಲಿಂಗಮ್ಮ ಕಪ್ಪನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಬಾಟಲಿಯನ್ನು ಗಂಡನ ಕಂಕುಳ ಸಂದಿಗೆ ಒತ್ತಿ ಇಟ್ಟಳು.

"ಶಾಲಿಗೆ ಬ್ಯಾಡ್ರಿ. ಇದೂ ಅವರ ಕೂಡ ಮಣ್ಣಿಗೆ ಹೋಗ್ಲಿ. ನೀವಿನ್ನ ನಡೀರಿ."

ಶ್ರೀಮಂತ ತಲೆ ತಗ್ಗಿಸಿದ. ಗೌಡ ಹೋದ. ಪಂಚಶೀಲಾ ಮೊದಲ ತಂಬಿಗೆ ನೀರು ಅಪ್ಪನ ಕಾಲಿಗೆ ಸುರಿದು ಓಣಿಯ ತುದಿಗೆ ನೋಡಿದಳು. ಕಾರಿನ ಬಳಿ ನಿಂಗರಾಜ ಬಿಸ್ಲೇರಿ ನೀರು ಹಾಕುತ್ತಿದ್ದ, ಗೌಡ ಕೈ ತೊಳೆಯುತ್ತಿದ್ದ. ತೊಳೆದು ಮೂಸಿ ನೋಡಿದ. ಮತ್ತೆ ಕೈ ಒಡ್ಡಿದ.